ಡೆಸ್ಕ್‌ಟಾಪ್‌ಗೆ ನೆಟ್ ಬಾರದಿದ್ದಾಗ: ಫಾರ್ಮ್ಯಾಟ್‌ಗೆ ಮೊದಲು ಎಲ್ಲೆಲ್ಲಿ ಹುಡುಕಬೇಕು

ತೋಟಕ್ಕೆ ನೀರು ಬರುತ್ತಿಲ್ಲವೆಂದರೆ ಯಾರೂ ಮೊದಲೇ ಹೊಸ ಬೋರ್‌ವೆಲ್ ಕೊರೆಸಲು ಹೋಗುವುದಿಲ್ಲ. ತ್ರೀ ಫೇಸ್ ಇದೆಯೇ, ಸ್ಟಾರ್ಟರ್ ಟ್ರಿಪ್ ಆಗಿದೆಯೇ, ಗೇಟ್‌ವಾಲ್ವ್ ಮುಚ್ಚಿದೆಯೇ, ಪೈಪು ಎಲ್ಲಿ ಒಡೆದಿದೆ ಎಂದು ಒಂದೊಂದಾಗಿ ನೋಡಿಕೊಂಡು ಬರುತ್ತಾರೆ. ಮನೆಯ ಡೆಸ್ಕ್‌ಟಾಪ್‌ಗೆ ನೆಟ್ ನಿಂತಾಗ ಮಾತ್ರ ಸಿಪಿಯು ಎತ್ತಿಕೊಂಡು ಅಂಗಡಿಗೆ ಹೋಗಿ ಫಾರ್ಮ್ಯಾಟ್ ಮಾಡಿಸಿಕೊಂಡು ಬರುವ ರೂಢಿ ತುಮಕೂರಿನಲ್ಲೂ ಇದೆ, ತಿಪಟೂರು, ಮಧುಗಿರಿಯಲ್ಲೂ ಇದೆ. ಮಕ್ಕಳ ಫೋಟೊ, ನುಡಿಯಲ್ಲಿ ಟೈಪ್ ಮಾಡಿಟ್ಟ ಪತ್ರ, ಅಂಗಡಿ ಲೆಕ್ಕ ಎಲ್ಲ ಅಳಿಸಿಹೋದ ಮೇಲೆ ಮನೆಗೆ ತಂದು ಹಾಕಿದರೆ ನೆಟ್ ಮೊದಲಿದ್ದಂತೆಯೇ ನಿಂತಿರುತ್ತದೆ. ತೊಂದರೆ ಇದ್ದದ್ದು ಮನೆಗೆ ನೆಟ್ ತಂದು ವೈಫೈ ಹಂಚುವ ಬಾಕ್ಸಿನ ಹಿಂದಿನ ಕೇಬಲ್‌ನಲ್ಲಿ.

ಆದ್ದರಿಂದ ಮೊದಲ ಮಾತು: ಎಲ್ಲಿ ತುಂಡಾಗಿದೆ ಎಂದು ಗೊತ್ತಾಗುವವರೆಗೆ ಯಾವ ಸೆಟ್ಟಿಂಗನ್ನೂ ಬದಲಿಸಬೇಡಿ. ಅದನ್ನು ಪತ್ತೆಮಾಡಲು ಮನೆಯಲ್ಲಿರುವ ಮೊಬೈಲು ಸಾಕು.

ಎರಡು ಪರೀಕ್ಷೆ, ಹತ್ತು ನಿಮಿಷ

ಮೊಬೈಲಿನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ, ಮನೆಯ ವೈಫೈಗೆ ಸೇರಿಸಿ, ಯಾವುದಾದರೂ ಎರಡು ಬೇರೆಬೇರೆ ಸೈಟು ತೆರೆಯಿರಿ. ಡೇಟಾ ಆಫ್ ಮಾಡುವುದನ್ನು ಮರೆಯಬಾರದು. ವೈಫೈಯಲ್ಲಿ ನೆಟ್ ಇಲ್ಲದಿದ್ದರೆ ಫೋನು ಸದ್ದಿಲ್ಲದೆ ಸಿಮ್ಮಿನ ನೆಟ್‌ಗೆ ಹೋಗಿಬಿಡುತ್ತದೆ, ‘ಫೋನಲ್ಲಿ ಬರ್ತಿದೆ, ಕಂಪ್ಯೂಟರೇ ಕೆಟ್ಟಿದೆ’ ಎಂದು ನಾವು ತಪ್ಪು ತಿಳಿಯುತ್ತೇವೆ. ಎರಡು ಸೈಟು ಏಕೆಂದರೆ, ಪಹಣಿ ತೆಗೆಯುವ ಸೈಟೋ ಎಸ್ಸೆಸ್ಸೆಲ್ಸಿ ಫಲಿತಾಂಶದ ಸೈಟೋ ಜನ ಮುಗಿಬಿದ್ದಾಗ ತಾನೇ ನಿಂತುಹೋಗುವುದುಂಟು. ಅದು ನಿಮ್ಮ ನೆಟ್‌ನ ತಪ್ಪಲ್ಲ.

ಎರಡನೆಯದು ಇದರ ತಿರುವು. ಆಂಡ್ರಾಯ್ಡ್ ಫೋನಿನಲ್ಲಿ ಈ ಸಲ ವೈಫೈ ಆಫ್, ಮೊಬೈಲ್ ಡೇಟಾ ಆನ್. ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಡೆಸ್ಕ್‌ಟಾಪ್‌ಗೆ ಚುಚ್ಚಿ, ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಮತ್ತು ಟೆದರಿಂಗ್ ಒಳಗೆ ಹೋಗಿ ಯುಎಸ್‌ಬಿ ಟೆದರಿಂಗ್ (ಫೋನಿನ ನೆಟ್ಟನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಕೊಡುವುದು) ಆನ್ ಮಾಡಿ, ಡೆಸ್ಕ್‌ಟಾಪ್‌ನಲ್ಲಿ ಪುಟ ತೆರೆದು ನೋಡಿ. ವಿಂಡೋಸ್ 10 ಮತ್ತು 11ರಲ್ಲಿ ಇದಕ್ಕೆ ಬೇರೆ ಡ್ರೈವರ್ ಬೇಕಿಲ್ಲ. ಟೆದರಿಂಗ್ ಆಯ್ಕೆ ಮಸುಕಾಗಿಯೇ ಉಳಿದರೆ ಕೇಬಲ್ ಚಾರ್ಜಿಂಗ್‌ಗೆ ಮಾತ್ರ ಆಗುವಂಥದ್ದು. ಡೇಟಾ ಹೋಗುವ ಕೇಬಲ್ ಹಾಕಿ.

ಈಗ ಎರಡೂ ಉತ್ತರ ಜೋಡಿಸಿ ನೋಡಿ. ವೈಫೈಯಲ್ಲಿ ಫೋನಿಗೆ ನೆಟ್ ಇಲ್ಲ, ಟೆದರಿಂಗ್‌ನಲ್ಲಿ ಡೆಸ್ಕ್‌ಟಾಪ್‌ಗೆ ಬರುತ್ತದೆ ಎಂದಾದರೆ ಕಂಪ್ಯೂಟರ್ ಸರಿಯಿದೆ, ಬಾಕ್ಸು ಅಥವಾ ಹೊರಗಿನ ಲೈನು ಕೆಟ್ಟಿದೆ. ಫೋನಿಗೂ ಇದೆ, ಟೆದರಿಂಗ್‌ನಲ್ಲೂ ಬರುತ್ತದೆ ಎಂದಾದರೆ ತೊಂದರೆ ಇರುವುದು ಬಾಕ್ಸು ಮತ್ತು ಕಂಪ್ಯೂಟರ್ ನಡುವಿನ ಲ್ಯಾನ್ ಕೇಬಲ್, ಪೋರ್ಟ್, ಅಥವಾ ಯುಎಸ್‌ಬಿಗೆ ಚುಚ್ಚುವ ವೈಫೈ ಡಾಂಗಲ್‌ನಲ್ಲಿ; ಅವೆಲ್ಲ ಸರಿಯಿದ್ದರೆ ವಿಂಡೋಸ್‌ನಲ್ಲಿರುವ ಅವುಗಳ ಸೆಟ್ಟಿಂಗ್‌ನಲ್ಲಿ. ಫೋನಿಗೆ ಇದೆ, ಟೆದರಿಂಗ್ ಕೊಟ್ಟರೂ ಡೆಸ್ಕ್‌ಟಾಪ್‌ನಲ್ಲಿ ಪುಟ ತೆರೆಯುವುದಿಲ್ಲ ಎಂದಾದರೆ ನೇರ ವಿಂಡೋಸ್ ಒಳಗೆ ಕೈಹಾಕಬೇಕು. ಕೆಳಗಿನ ಭಾಗಗಳಲ್ಲಿ ನಿಮಗೆ ಸಂಬಂಧಿಸಿದ್ದಕ್ಕೆ ನೇರವಾಗಿ ಹೋಗಿ.

ಬಾಕ್ಸು ಮತ್ತು ಹೊರಗಿನ ಲೈನು

ಗೋಡೆಯ ಮೇಲಿರುವ ಫೈಬರ್ ಬಾಕ್ಸಿನಲ್ಲಿ ನೋಡಬೇಕಾದ ದೀಪ ಮೂರೇ: ಪವರ್, ಪಾನ್ (PON), ಲಾಸ್ (LOS). ಪಾನ್ ಎಂಬುದು ಮಿನುಗದೆ ಹಸಿರಾಗಿ ನಿಂತಿದ್ದರೆ ಬಾಕ್ಸು ಆಪರೇಟರ್ ಕಡೆಯ ಯಂತ್ರದ ಜೊತೆ ಸೇರಿದೆ ಎಂದರ್ಥ. ಮಿನುಗುತ್ತಲೇ ಇದ್ದರೆ ಸೇರಲು ಪ್ರಯತ್ನಿಸುತ್ತಿದೆ. ಲಾಸ್ ಕೆಂಪಾಗಿ ಮಿನುಗಿದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ. ಲಾಸ್ ಕೆಂಪಿದ್ದಾಗ ಕಂಪ್ಯೂಟರಿನಲ್ಲಿ ಏನು ಮಾಡಿದರೂ ವ್ಯರ್ಥ.

ನಮ್ಮ ಕಡೆ ಬೆಳಕು ನಿಲ್ಲುವ ಕಾರಣಗಳು ಗೊತ್ತಿರುವಂಥವೇ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೋಟದ ನಡುವೆ ಹಾದುಬರುವ ಕೇಬಲ್ ಮೇಲೆ ತೆಂಗಿನ ಗರಿ ಬೀಳುತ್ತದೆ. ಊರೊಳಗೆ ಚರಂಡಿಗೋ ರಸ್ತೆಗೋ ಜೆಸಿಬಿ ಅಗೆಯುತ್ತದೆ. ಕೋತಿ ಜೋತಾಡುತ್ತದೆ, ಅಳಿಲು ಕಡಿಯುತ್ತದೆ. ಮನೆಯೊಳಗೂ ಒಂದು ಕಾರಣವಿದೆ: ಕಪಾಟನ್ನು ಗೋಡೆಗೆ ಒತ್ತಿ ತಳ್ಳಿದಾಗ ತೆಳ್ಳನೆಯ ಫೈಬರ್ ವೈರು ಮಡಿಚಿಕೊಳ್ಳುತ್ತದೆ. ಗಾಜಿನ ಎಳೆ ಮುರಿಯದಿದ್ದರೂ ಚೂಪಾಗಿ ಬಾಗಿದ ಜಾಗದಲ್ಲಿ ಬೆಳಕು ಹೊರಗೆ ಸೋರುತ್ತದೆ. ಹೆಚ್ಚಾದ ವೈರನ್ನು ಅಂಗೈ ಅಗಲದ ಸುತ್ತಾಗಿ ಸುತ್ತಿಡಿ, ಬೆರಳಿಗೆ ಸುತ್ತುವಷ್ಟು ಬಿಗಿಯಾಗಿ ಬೇಡ, ಮೊಳೆಗೆ ಕಟ್ಟುವುದೂ ಬೇಡ.

ಫೈಬರ್ ತುದಿಯ ಪ್ಲಗ್ಗು ಪೂರ್ತಿ ಕೂತಿದೆಯೇ ನೋಡಿ, ಅದು ‘ಟಕ್’ ಎಂದು ಕೂರಬೇಕು. ಮನೆಗಳಲ್ಲಿ ಬಹುತೇಕ ಹಸಿರು ಪ್ಲಗ್ಗು ಇರುತ್ತದೆ. ಅದರ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ. ನೀಲಿ ಪ್ಲಗ್ಗಿನ ತುದಿ ಓರೆಯಿಲ್ಲದ್ದು. ಹಸಿರು ಸಾಕೆಟ್ಟಿಗೆ ನೀಲಿ ಚುಚ್ಚಿದರೆ ಕೂರುತ್ತದೆ, ಆದರೆ ಬೆಳಕು ತುಂಬಾ ಕಡಿಮೆಯಾಗುತ್ತದೆ. ಕಳಚಿದ ತುದಿಯನ್ನು ಬೆರಳಿನಿಂದ ಮುಟ್ಟಬೇಡಿ, ಬೆವರಿನ ಜಿಡ್ಡೇ ಸಾಕು ಸಿಗ್ನಲ್ ಕೆಡಿಸಲು. ಕಣ್ಣಿಗಂತೂ ಹಿಡಿದು ನೋಡಲೇಬೇಡಿ. ಅದರಲ್ಲಿ ಬರುವ 1490 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಕಾಣದಿದ್ದರೂ ಅದು ಲೇಸರ್. ಮಕ್ಕಳಿಗೂ ಹೇಳಿಡಿ.

ದೂರು ಕೊಡುವಾಗ ‘ನೆಟ್ ಬರ್ತಿಲ್ಲ’ ಎನ್ನುವ ಬದಲು ‘ಲಾಸ್ ಕೆಂಪು ಮಿನುಗ್ತಿದೆ, ಪಾನ್ ಆರಿದೆ’ ಎನ್ನಿ. ಲೈನ್‌ಮನ್ ಬೆಳಕು ಅಳೆಯುವ ಪವರ್ ಮೀಟರ್, ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಯಂತ್ರ ಜೊತೆಗೇ ತರುತ್ತಾರೆ, ಎರಡನೇ ಸಲ ಬರಬೇಕಾಗುವುದಿಲ್ಲ. ಸರಿಮಾಡಿದ ಮೇಲೆ ಮೀಟರಿನಲ್ಲಿ ಎಷ್ಟು ಬಂತೆಂದು ಕೇಳಿ. ಮೈನಸ್ 15ರಿಂದ ಮೈನಸ್ 25 ಡಿಬಿಎಂ (ಬೆಳಕಿನ ಬಲದ ಅಳತೆ) ಒಳಗಿದ್ದರೆ ಒಳ್ಳೆಯದು. ಮೈನಸ್ 27ರ ಆಸುಪಾಸು ಇದ್ದರೆ ಈಗ ನೆಟ್ ಬಂದರೂ ಮತ್ತೆಮತ್ತೆ ನಿಲ್ಲುತ್ತದೆ; ಜೋಡಣೆ ಮತ್ತೆ ಮಾಡಿಕೊಡಿ ಎಂದು ಆಗಲೇ ಕೇಳುವ ಹಕ್ಕು ನಿಮಗಿದೆ.

ಪವರ್ ದೀಪದ ವಿಷಯವೂ ಸಣ್ಣದಲ್ಲ. ಕರೆಂಟ್ ಹೋದಾಗ ಡೆಸ್ಕ್‌ಟಾಪ್ ಯುಪಿಎಸ್ ಮೇಲೆ ಓಡುತ್ತಿರುತ್ತದೆ, ಹಾಲ್‌ನಲ್ಲಿರುವ ಬಾಕ್ಸಿಗೆ ಇನ್ವರ್ಟರ್ ಲೈನ್ ಕೊಟ್ಟಿರುವುದಿಲ್ಲ. ಕಂಪ್ಯೂಟರ್ ಆನ್ ಇದ್ದೂ ನೆಟ್ ಇಲ್ಲ ಎಂಬ ಎಷ್ಟೋ ದೂರುಗಳ ಮೂಲ ಇಷ್ಟೇ. ಬಾಕ್ಸಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ, ಹಾಕಿಸಿಕೊಳ್ಳಿ. ಕಂಬದ ಮೇಲೆ ಒಂದು ಲೈನನ್ನು ಹಲವು ಮನೆಗೆ ಹಂಚುವ ಫೈಬರ್ ಸ್ಪ್ಲಿಟರ್‌ಗೆ ಕರೆಂಟ್ ಬೇಕಿಲ್ಲ, ಆದ್ದರಿಂದ ನಿಮ್ಮ ಬಾಕ್ಸಿಗೂ ಆಪರೇಟರ್ ಕೇಂದ್ರಕ್ಕೂ ಬ್ಯಾಕಪ್ ಇದ್ದರೆ ಲೋಡ್‌ಶೆಡ್ಡಿಂಗ್‌ನಲ್ಲೂ ನೆಟ್ ನಡೆಯುತ್ತದೆ.

ಬಾಕ್ಸಿನ ದೀಪಗಳೆಲ್ಲ ಹತ್ತಿ, ಆರಿ, ಮತ್ತೆ ಮೊದಲಿಂದ ಹತ್ತುತ್ತಿದ್ದರೆ ಬಹುಶಃ ಅಡಾಪ್ಟರ್ ಸೋತಿದೆ. ವೋಲ್ಟೇಜ್ ಏರಿಳಿತ ತಿಂದ ಅಡಾಪ್ಟರ್ ಖಾಲಿ ಇದ್ದಾಗ 12 ವೋಲ್ಟ್ ತೋರಿಸುತ್ತದೆ, ಭಾರ ಬಿದ್ದಾಗ ಕುಸಿಯುತ್ತದೆ. ಹೊಸದರಲ್ಲಿ ವೋಲ್ಟ್ ಹಳೆಯದರಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬಹುದು. ಹಳೆಯದರಲ್ಲಿ 12 ವೋಲ್ಟ್ 1 ಆಂಪಿಯರ್ ಎಂದಿದ್ದರೆ 12 ವೋಲ್ಟ್ 2 ಆಂಪಿಯರ್ ಆಗುತ್ತದೆ. 9 ವೋಲ್ಟ್ ಆಗುವುದಿಲ್ಲ, 24 ಹಾಕಿದರೆ ಬಾಕ್ಸು ಸುಡುತ್ತದೆ.

ದೀಪಗಳೆಲ್ಲ ಸರಿಯಿದ್ದೂ ನೆಟ್ ಇಲ್ಲವೆಂದರೆ ಮೊದಲು ಪ್ಲಾನ್ ಮುಗಿದಿದೆಯೇ ನೋಡಿ. ಆಮೇಲೆ ಬಾಕ್ಸನ್ನು ಸ್ವಿಚ್‌ನಲ್ಲಿ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆನ್ ಮಾಡಿ, ಐದು ನಿಮಿಷ ಕಾಯಿರಿ. ಹಿಂದಿರುವ ಸಣ್ಣ ತೂತಿಗೆ ಪಿನ್ ಚುಚ್ಚುವ ಕೆಲಸ ಮಾತ್ರ ಬೇಡ. ಅದು ರೀಸ್ಟಾರ್ಟ್ ಅಲ್ಲ, ರೀಸೆಟ್. ಆಪರೇಟರ್ ತುಂಬಿಸಿದ್ದ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ಎಲ್ಲ ಅಳಿಸಿಹೋಗಿ, ಅವರೇ ಬಂದು ಮತ್ತೆ ತುಂಬಿಸುವವರೆಗೆ ಇದ್ದಬದ್ದ ವೈಫೈ ಕೂಡ ಇರುವುದಿಲ್ಲ.

ಕೆಲವು ಕಡೆ ಇನ್ನೂ ಬಾಕ್ಸಿಲ್ಲದೆ ಕೇಬಲ್‌ನವರ ಲ್ಯಾನ್ ವೈರು ನೇರ ಕಂಪ್ಯೂಟರಿಗೇ ಬರುತ್ತದೆ, ‘ಬ್ರಾಡ್‌ಬ್ಯಾಂಡ್ ಕನೆಕ್ಷನ್’ ಒತ್ತಿ ಡಯಲ್ ಮಾಡಬೇಕು. ಅಲ್ಲಿ ಎರರ್ 651 ಬಂದರೆ ವೈರು ಅಥವಾ ಆಚೆ ಕಡೆ ಕೇಬಲ್‌ನವರ ನೆಟ್‌ವರ್ಕ್ ಸ್ವಿಚ್ಚು ಕೆಟ್ಟಿದೆ. 691 ಬಂದರೆ ಲೈನು ಸರಿಯಿದೆ, ಪಾಸ್‌ವರ್ಡ್ ತಪ್ಪು ಅಥವಾ ಪ್ಲಾನ್ ಮುಗಿದಿದೆ. ಹೊಸ ಲ್ಯಾನ್ ಕಾರ್ಡ್ ಹಾಕಿಸಿದ ಮರುದಿನವೇ 691 ಬಂದರೆ, ಅವರು ಹಳೆಯ ಕಾರ್ಡಿನ ಮ್ಯಾಕ್ ವಿಳಾಸಕ್ಕೆ (ಪ್ರತಿ ಕಾರ್ಡಿಗೂ ಇರುವ ಗುರುತಿನ ಸಂಖ್ಯೆ) ನಿಮ್ಮ ಖಾತೆ ಕಟ್ಟಿರಬಹುದು. ‘ಮ್ಯಾಕ್ ರೀಸೆಟ್ ಮಾಡಿ’ ಎಂದು ಫೋನಿನಲ್ಲಿ ಹೇಳಿದರೆ ಸಾಕು.

ಲ್ಯಾನ್ ಕೇಬಲ್, ಪೋರ್ಟ್, ಡಾಂಗಲ್

ಸಿಪಿಯು ಹಿಂದೆ ಬಗ್ಗಿ ಲ್ಯಾನ್ ಪೋರ್ಟ್ ನೋಡಿ. ಕೇಬಲ್ ಚುಚ್ಚಿದಾಗ ಅಲ್ಲೊಂದು ದೀಪ ಹತ್ತಬೇಕು. ಹತ್ತದಿದ್ದರೆ ಕೇಬಲ್ಲಿನ ಎರಡೂ ತುದಿ ಕಳಚಿ ಮತ್ತೆ ಹಾಕಿ. ಪ್ಲಾಸ್ಟಿಕ್ ಕ್ಲಿಪ್ ಮುರಿದ ಪ್ಲಗ್ಗು ಹಾಕಿದಂತೆ ಕಂಡರೂ ಅರ್ಧ ಮಿಲಿಮೀಟರ್ ಹಿಂದೆ ಸರಿದಿರುತ್ತದೆ, ಕಸ ಗುಡಿಸುವಾಗ ಪೊರಕೆ ತಾಗಿದರೂ ಸಾಕು. ಬಾಕ್ಸಿನಲ್ಲಿ ಬೇರೆ ಪೋರ್ಟಿಗೂ ಬದಲಿಸಿ ನೋಡಿ. ಕೆಲವು ಬಾಕ್ಸುಗಳಲ್ಲಿ ಒಂದು ಪೋರ್ಟನ್ನು ಟಿವಿಗೆಂದೇ ಮೀಸಲಿಟ್ಟಿರುತ್ತಾರೆ. ಇಷ್ಟಾದರೂ ದೀಪವಿಲ್ಲವೆಂದರೆ ಪಕ್ಕದ ಮನೆಯಿಂದ ಒಂದು ಮೀಟರಿನ ಒಳ್ಳೆಯ ಕೇಬಲ್ ತಂದು, ಸಿಪಿಯುವನ್ನೇ ಬಾಕ್ಸಿನ ಬಳಿ ಒಯ್ದು ಜೋಡಿಸಿ. ದೀಪ ಹತ್ತಿದರೆ ನಿಮ್ಮ ಕೇಬಲ್ ಹೋಗಿದೆ.

ಕೇಬಲ್ಲಿನ ತುದಿ ಮತ್ತೆ ಕಟ್ಟಿಸುವುದಾದರೆ ಬಣ್ಣದ ಕ್ರಮ ಎರಡೂ ಕಡೆ ಒಂದೇ ಇರಬೇಕು. ಕ್ಲಿಪ್ ಕೆಳಗೆ ಬರುವಂತೆ, ವೈರು ನಿಮ್ಮ ಕಡೆ ಇರುವಂತೆ ಪ್ಲಗ್ ಹಿಡಿದರೆ ಎಡದಿಂದ ಬಿಳಿ‑ಕಿತ್ತಳೆ, ಕಿತ್ತಳೆ, ಬಿಳಿ‑ಹಸಿರು, ನೀಲಿ, ಬಿಳಿ‑ನೀಲಿ, ಹಸಿರು, ಬಿಳಿ‑ಕಂದು, ಕಂದು. 100 ಎಂಬಿಪಿಎಸ್ ವೇಗಕ್ಕೆ 1, 2, 3, 6ನೇ ಎಳೆ ಸಾಕು. ಗಿಗಾಬಿಟ್‌ಗೆ ಎಂಟೂ ಬೇಕು. ಅದಕ್ಕೇ ನೀಲಿಯೋ ಕಂದೋ ಒಂದು ಎಳೆ ಇಲಿ ಕಡಿದಾಗ ನೆಟ್ ಪೂರ್ತಿ ನಿಲ್ಲದೆ ನಿಧಾನವಾಗುತ್ತದೆ, ಅಥವಾ ಬಂದು ಹೋಗಿ ಮಾಡುತ್ತದೆ. ಕೇಬಲ್ ಕೊಳ್ಳುವಾಗ ಕ್ಯಾಟ್ 5ಇ ಅಥವಾ ಕ್ಯಾಟ್ 6, ಶುದ್ಧ ತಾಮ್ರದ್ದು ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ಅಗ್ಗದ್ದು ಎರಡು ಸಲ ಮಡಿಚಿದರೆ ಒಳಗೇ ಮುರಿಯುತ್ತದೆ.

ಒಳ್ಳೆಯ ಕೇಬಲ್ ಹಾಕಿದರೂ ದೀಪ ಹತ್ತದಿದ್ದರೆ ವಿಂಡೋಸ್ ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆಫ್ ಮಾಡಿ, ಸಿಪಿಯು ಹಿಂದಿನ ಪವರ್ ಕೇಬಲ್ ಕಿತ್ತು, ಮುಂದಿನ ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಕಂಪ್ಯೂಟರ್ ಆಫ್ ಇದ್ದರೂ ಲ್ಯಾನ್ ಚಿಪ್‌ಗೆ ಎಸ್‌ಎಂಪಿಎಸ್‌ನಿಂದ (ಸಿಪಿಯು ಒಳಗೆ ಕರೆಂಟ್ ಕೊಡುವ ಡಬ್ಬಿ) ಸ್ಟ್ಯಾಂಡ್‌ಬೈ ಕರೆಂಟ್ ಹರಿಯುತ್ತಲೇ ಇರುತ್ತದೆ. ಸಿಕ್ಕಿಹಾಕಿಕೊಂಡ ಚಿಪ್ಪು ಹೀಗೆ ಪೂರ್ತಿ ಖಾಲಿಯಾದಾಗಲೇ ಬಿಡುತ್ತದೆ. ಅದಕ್ಕೂ ಜಗ್ಗದಿದ್ದರೆ, ಅದರಲ್ಲೂ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಮಾರನೆಯ ದಿನವಾಗಿದ್ದರೆ, ಪೋರ್ಟ್ ಸುಟ್ಟಿರಬಹುದು. ಮದರ್‌ಬೋರ್ಡ್ ಬದಲಿಸುವ ಅಗತ್ಯವಿಲ್ಲ. ಮದರ್‌ಬೋರ್ಡಿಗೆ ಚುಚ್ಚುವ ಪಿಸಿಐಇ ಲ್ಯಾನ್ ಕಾರ್ಡ್ ಅಥವಾ ಯುಎಸ್‌ಬಿಗೆ ಚುಚ್ಚುವ ಲ್ಯಾನ್ ಅಡಾಪ್ಟರ್ ಸಾಕು. ಫೈಬರ್ ಗಾಜಿನದ್ದು, ಅದರಲ್ಲಿ ಕರೆಂಟ್ ಹರಿಯದು. ಸಿಡಿಲಿನ ಹೊಡೆತ ಬರುವುದು ಪವರ್ ಲೈನಿನಿಂದ, ಇಲ್ಲವೇ ತಾರಸಿಯಿಂದ ತಾರಸಿಗೆ ಎಳೆದ ತಾಮ್ರದ ಲ್ಯಾನ್ ವೈರಿನಿಂದ. ಮೋಡ ಕಟ್ಟಿದಾಗ ಎರಡನ್ನೂ ಕಿತ್ತಿಡಿ.

ವೈಫೈ ಡಾಂಗಲ್ ಬಳಸುವವರಿಗೆ ಮೂರು ಮಾತು. ಹಳೆಯ ಡಾಂಗಲ್‌ಗೆ 2.4 ಗಿಗಾಹರ್ಟ್ಸ್ ಮಾತ್ರ ಕಾಣುತ್ತದೆ, ಹೆಸರಿನ ಕೊನೆಯಲ್ಲಿ 5ಜಿ ಎಂದಿರುವ ವೈಫೈ ಪಟ್ಟಿಯಲ್ಲೇ ಬರುವುದಿಲ್ಲ. ಡಾಂಗಲನ್ನು ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿಗೆ ಹಾಕಬೇಡಿ. ಆ ಪೋರ್ಟ್ ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್‌ನಲ್ಲೇ ಗದ್ದಲ ಎಬ್ಬಿಸುತ್ತದೆ. ಕಪ್ಪು ಪೋರ್ಟಿಗೆ ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಹಾಕಿ, ಡಾಂಗಲ್ ಮೇಜಿನ ಮೇಲೆ ಬರುವಂತೆ ಇಡಿ, ಲೋಹದ ಕ್ಯಾಬಿನೆಟ್ಟಿನ ಮರೆ ತಪ್ಪುತ್ತದೆ. ಹೊಸ ಬಾಕ್ಸ್ ಬಂದ ಮೇಲೆ ಪಾಸ್‌ವರ್ಡ್ ಸರಿಯಿದ್ದೂ ಸೇರದಿದ್ದರೆ ಬಾಕ್ಸಿನ ವೈಫೈ ಡಬ್ಲ್ಯೂಪಿಎ 3 ಎಂಬ ಹೊಸ ಭದ್ರತಾ ಪದ್ಧತಿಯಲ್ಲಿರಬಹುದು. ಡಬ್ಲ್ಯೂಪಿಎ 2ಕ್ಕೆ ಇಳಿಸಿಕೊಡಲು ಆಪರೇಟರ್‌ಗೆ ಹೇಳಿ.

ವಿಂಡೋಸ್ ಒಳಗೆ

ಮೊದಲು ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಆನ್ ಮಾಡುವುದು ಅದಕ್ಕೆ ಸಮನಲ್ಲ. ವಿಂಡೋಸ್ 10, 11ರಲ್ಲಿ ಫಾಸ್ಟ್ ಸ್ಟಾರ್ಟಪ್ ಇರುವುದರಿಂದ ಶಟ್‌ಡೌನ್ ಆದಾಗ ಒಳಗಿನ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಬರೆದಿಟ್ಟು ಮತ್ತೆ ಅದನ್ನೇ ಎತ್ತಿಕೊಳ್ಳುತ್ತದೆ, ಕೆಟ್ಟದ್ದೂ ಜೊತೆಗೇ ಬರುತ್ತದೆ.

ಆಮೇಲೆ ಗಡಿಯಾರ ನೋಡಿ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಇದು ತುಂಬಾ ಸಾಮಾನ್ಯ, ಆದರೆ ಯಾರಿಗೂ ಹೊಳೆಯುವುದಿಲ್ಲ. ಕರೆಂಟ್ ಹೋಗಿ ಬಂದ ಮೇಲೆ ಕೆಳಮೂಲೆಯಲ್ಲಿ ತಾರೀಖು 2010ನೋ 2015ನೋ ತೋರಿಸುತ್ತಿದ್ದರೆ, ಸೈಟುಗಳ ಭದ್ರತಾ ಪ್ರಮಾಣಪತ್ರಗಳು ಇನ್ನೂ ಜಾರಿಗೇ ಬಂದಿಲ್ಲ ಎಂದು ಬ್ರೌಸರ್ ತಿಳಿಯುತ್ತದೆ. ನೆಟ್ ಇದ್ದರೂ ‘ಸಂಪರ್ಕ ಖಾಸಗಿಯಾಗಿಲ್ಲ’ ಎಂಬ ಎಚ್ಚರಿಕೆ ಬಂದು ಪುಟ ತೆರೆಯುವುದಿಲ್ಲ. ತಾರೀಖು, ವರ್ಷ, ಸಮಯ ಕೈಯಿಂದಲೇ ಸರಿಪಡಿಸಿ. ಕರೆಂಟ್ ಹೋದಾಗಲೆಲ್ಲ ಹೀಗಾದರೆ ಮದರ್‌ಬೋರ್ಡಿನ ಮೇಲಿನ ಬಿಲ್ಲೆಯಂಥ ಬ್ಯಾಟರಿ ಮುಗಿದಿದೆ: ಸಿಆರ್ 2032, 3 ವೋಲ್ಟ್. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಪವರ್ ಕೇಬಲ್ ಕಿತ್ತು, ಕೊಕ್ಕೆ ಒತ್ತಿ ಹಳೆಯದನ್ನು ತೆಗೆದು, ಪ್ಲಸ್ ಗುರುತು ಮೇಲೆ ಬರುವಂತೆ ಹೊಸದನ್ನು ಕೂರಿಸಿ. ಮೊದಲ ಸಲ ಆನ್ ಮಾಡಿದಾಗ ವಿಂಡೋಸ್‌ಗೂ ಮೊದಲಿನ ಬಯೋಸ್ ಎಂಬ ಸೆಟ್ಟಿಂಗ್ ಪರದೆ ಬಂದರೆ ತಾರೀಖು ಹಾಕಿ ಸೇವ್ ಮಾಡಿ. ಆ ಬಳಿಕ ವಿಂಡೋಸ್ ನೀಲಿ ಪರದೆಗೆ ಬಿದ್ದರೆ ಗಾಬರಿ ಬೇಡ, ಬಯೋಸ್‌ನಲ್ಲಿ ಸಾಟಾ ಮೋಡ್ (ಡಿಸ್ಕ್ ಓದುವ ರೀತಿಯ ಸೆಟ್ಟಿಂಗ್) ಬದಲಾಗಿರಬಹುದು. ಐಡಿಇ ಇದ್ದರೆ ಎಎಚ್‌ಸಿಐ, ಎಎಚ್‌ಸಿಐ ಇದ್ದರೆ ಐಡಿಇ ಮಾಡಿ ನೋಡಿ.

ಗಡಿಯಾರ ಸರಿಯಿದ್ದರೆ ಕಪ್ಪು ಕಿಟಕಿಗೆ ಹೋಗಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಸಿ‑ಎಂ‑ಡಿ ಎಂದು ಟೈಪ್ ಮಾಡಿ ಎಂಟರ್. ಅಲ್ಲಿ ಐ‑ಪಿ‑ಸಿ‑ಓ‑ಎನ್‑ಎಫ್‑ಐ‑ಜಿ ಎಂದು ನಡುವೆ ಜಾಗ ಬಿಡದೆ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ, ಐಪಿವಿ4 ಅಡ್ರೆಸ್ ಎಂಬ ಸಾಲು ನೋಡಿ. ‘ಮೀಡಿಯಾ ಡಿಸ್‌ಕನೆಕ್ಟೆಡ್’ ಎಂದಿದ್ದರೆ ಕೇಬಲ್ಲಿಗೆ ವಾಪಸ್ ಹೋಗಿ. 169.254ರಿಂದ ಶುರುವಾದರೆ ಬಾಕ್ಸು ವಿಳಾಸ ಕೊಟ್ಟಿಲ್ಲ, ಕಂಪ್ಯೂಟರ್ ತಾನೇ ಒಂದನ್ನು ಇಟ್ಟುಕೊಂಡಿದೆ. ಬಾಕ್ಸು, ಕೇಬಲ್ ಎರಡನ್ನೂ ಮತ್ತೆ ಪರೀಕ್ಷಿಸಿ. 192.168ರಿಂದ ಶುರುವಾದರೆ ಸರಿಯಿದೆ, ಆದರೆ ಕೆಳಗಿನ ಡಿಫಾಲ್ಟ್ ಗೇಟ್‌ವೇ (ನೆಟ್‌ಗೆ ಹೋಗುವ ಬಾಗಿಲಿನ ವಿಳಾಸ) ಸಾಲಿನ ಮೊದಲ ಮೂರು ಸಂಖ್ಯೆ ಇದರ ಜೊತೆ ಹೊಂದಬೇಕು, ಮತ್ತು ಅದು ನಿಮ್ಮ ಬಾಕ್ಸಿನದ್ದೇ ಆಗಿರಬೇಕು. ಬಾಕ್ಸಿನದ್ದು ಸಾಮಾನ್ಯವಾಗಿ 192.168.1.1, ಜಿಯೋ ಫೈಬರ್‌ನಲ್ಲಿ 192.168.29.1. ಹಳೆಯ ಕನೆಕ್ಷನ್ ಹಾಕಿದವರು ವಿಳಾಸವನ್ನು ಕೈಯಿಂದ ಬರೆದಿಟ್ಟು ಹೋಗಿದ್ದರೆ ಕಂಪನಿ ಬದಲಿಸಿದ ದಿನವೇ ಡೆಸ್ಕ್‌ಟಾಪ್ ಒಂದಕ್ಕೇ ನೆಟ್ ನಿಲ್ಲುತ್ತದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎನ್‑ಸಿ‑ಪಿ‑ಎ ಚುಕ್ಕೆ ಸಿ‑ಪಿ‑ಎಲ್ ಎಂದು ಕೊಡಿ. ಎಥರ್ನೆಟ್ ಚಿತ್ರ ಮಸುಕಾಗಿದ್ದರೆ ಬಲ ಕ್ಲಿಕ್ ಮಾಡಿ ಎನೇಬಲ್ ಮಾಡಿ. ಪ್ರಾಪರ್ಟೀಸ್‌ನಲ್ಲಿ ಇಂಟರ್ನೆಟ್ ಪ್ರೊಟೊಕಾಲ್ ವರ್ಷನ್ 4 ತೆರೆದು, ವಿಳಾಸ ಮತ್ತು ಡಿಎನ್‌ಎಸ್ ಎರಡನ್ನೂ ‘ಆಟೊಮ್ಯಾಟಿಕಲಿ’ಗೆ ಇಡಿ.

ಇನ್ನು ಪಿಂಗ್, ಅಂದರೆ ಒಂದು ವಿಳಾಸವನ್ನು ಕೂಗಿ ಉತ್ತರ ಬರುತ್ತದೆಯೇ ಎಂದು ನೋಡುವುದು. ಅದೇ ಕಪ್ಪು ಕಿಟಕಿಯಲ್ಲಿ ಟೈಪ್ ಮಾಡಿ: ಪಿ‑ಐ‑ಎನ್‑ಜಿ, ಜಾಗ, ಗೇಟ್‌ವೇ ಸಂಖ್ಯೆ. ಉತ್ತರ ಬಂದರೆ ಬಾಕ್ಸಿನವರೆಗೆ ದಾರಿ ಸರಿ. ನಂತರ ಹೊರಗಿನ ಗೂಗಲ್ ಸರ್ವರ್ ಆದ 8.8.8.8ಕ್ಕೆ ಪಿಂಗ್ ಮಾಡಿ, ಉತ್ತರ ಬಂದರೆ ಹೊರಗಿನವರೆಗೂ ಸರಿ. ಕೊನೆಗೆ ಯಾವುದಾದರೂ ಸೈಟಿನ ಹೆಸರಿಗೆ ಮಾಡಿ. ಇಲ್ಲೊಂದು ಮೋಸವಿದೆ: ‘ರಿಪ್ಲೈ ಫ್ರಮ್’ ಎಂದು ಶುರುವಾದ ಸಾಲು ‘ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’ ಎಂದು ಮುಗಿದಿದ್ದರೆ ಅದು ಉತ್ತರವಲ್ಲ, ನಿಮ್ಮ ಕಂಪ್ಯೂಟರೋ ಬಾಕ್ಸೋ ‘ದಾರಿಯಿಲ್ಲ’ ಎಂದು ಹೇಳುತ್ತಿದೆ. ಸಾಲಿನಲ್ಲಿ ಟೈಮ್ ಎಂದು ಮಿಲಿಸೆಕೆಂಡ್ ಕಂಡರೆ ಮಾತ್ರ ನಂಬಿ.

8.8.8.8ಕ್ಕೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ಕೆಟ್ಟಿರುವುದು ಡಿಎನ್‌ಎಸ್, ಅಂದರೆ ಹೆಸರನ್ನು ಸಂಖ್ಯೆಗೆ ತಿರುಗಿಸುವ ವ್ಯವಸ್ಥೆ. ಮೇಲೆ ಹೇಳಿದ ಇಂಟರ್ನೆಟ್ ಪ್ರೊಟೊಕಾಲ್ ವರ್ಷನ್ 4 ಕಿಟಕಿಯಲ್ಲಿ ಡಿಎನ್‌ಎಸ್ ಜಾಗಕ್ಕೆ ಮಾತ್ರ 8.8.8.8 ಮತ್ತು 1.1.1.1 ತುಂಬಿಸಿ. ಹೆಸರಿಗೂ ಉತ್ತರ ಬರುತ್ತದೆ, ಬ್ರೌಸರ್ ಮಾತ್ರ ತೆರೆಯುತ್ತಿಲ್ಲ ಎಂದಾದರೆ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ಪ್ರಾಕ್ಸಿ (ನೆಟ್ಟನ್ನು ನಡುವೆ ಬೇರೊಂದು ಯಂತ್ರದ ಮೂಲಕ ಕಳಿಸುವ ಸೆಟ್ಟಿಂಗ್) ನೋಡಿ. ಉಚಿತ ವಿಪಿಎನ್ ತೆಗೆದುಹಾಕಿದ ಮೇಲೆ, ವೈರಸ್ ಬಂದುಹೋದ ಮೇಲೆ ಪ್ರಾಕ್ಸಿ ಆನ್ ಆಗಿಯೇ ಉಳಿದಿರುತ್ತದೆ. ಆಫ್ ಮಾಡಿ. ಅವಧಿ ಮುಗಿದ ಆ್ಯಂಟಿವೈರಸ್ ಕೂಡ ದಾರಿ ಕಟ್ಟುವುದುಂಟು, ಅದನ್ನು ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ. ವಿಂಡೋಸ್‌ನ ಸ್ವಂತ ಡಿಫೆಂಡರ್ ತಾನಾಗಿ ಕಾವಲಿಗೆ ಬರುತ್ತದೆ.

ವಿಂಡೋಸ್ 7 ಇನ್ನೂ ಓಡಿಸುತ್ತಿದ್ದರೆ ಕೆಲವು ಸೈಟು ತೆರೆದು ಕೆಲವು ತೆರೆಯದಿರುವುದು ಸಹಜ. ಕ್ರೋಮ್ ಅದಕ್ಕೆ 109ನೇ ಆವೃತ್ತಿಗೇ ನಿಂತಿದೆ, ಮತ್ತು ಬಹಳಷ್ಟು ಸೈಟುಗಳು ನಂಬಿಕೊಂಡಿದ್ದ ಒಂದು ಹಳೆಯ ಮೂಲ ಪ್ರಮಾಣಪತ್ರ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಫೈರ್‌ಫಾಕ್ಸ್ 115 ತನ್ನದೇ ಪ್ರಮಾಣಪತ್ರಗಳ ಪಟ್ಟಿ ಇಟ್ಟುಕೊಂಡಿರುವುದರಿಂದ ಅದರಲ್ಲಿ ತೆರೆಯುವ ಸಾಧ್ಯತೆ ಹೆಚ್ಚು. ಬ್ಯಾಂಕ್ ಕೆಲಸವನ್ನು ಮಾತ್ರ ಆ ಯಂತ್ರದಲ್ಲಿ ಮಾಡಬೇಡಿ.

ಯಾವುದೂ ಕೈಗೂಡದಿದ್ದರೆ ನೆಟ್‌ವರ್ಕ್ ರೀಸೆಟ್ ಇದೆ. ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ಸ್ಟೇಟಸ್‌ನ ಕೆಳತುದಿಯಲ್ಲಿ. 11ರಲ್ಲಿ ಅಡ್ವಾನ್ಸ್ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್ ಒಳಗೆ. ಒತ್ತಿದ ಐದು ನಿಮಿಷಕ್ಕೆ ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗುತ್ತದೆ. ವೈಫೈ ಪಾಸ್‌ವರ್ಡ್, ಬ್ರಾಡ್‌ಬ್ಯಾಂಡ್ ಡಯಲ್ ಮಾಡುವ ಯೂಸರ್‌ನೇಮ್ ಮೊದಲೇ ಬರೆದಿಟ್ಟುಕೊಳ್ಳಿ. ನಿಮ್ಮ ಫೈಲುಗಳಿಗೆ ಇದರಿಂದ ಏನೂ ಆಗುವುದಿಲ್ಲ.

ಇದಾದ ಮೇಲೂ ಯುಎಸ್‌ಬಿ ಟೆದರಿಂಗ್‌ನಲ್ಲಿ ಸಹ ಒಂದು ಪುಟ ತೆರೆಯದಿದ್ದರೆ, ಆಗ ವಿಂಡೋಸ್ ಮತ್ತೆ ಹಾಕಿಸುವ ಮಾತು. ಅಂಗಡಿಗೆ ಕೊಡುವ ಮೊದಲು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ನಾಲ್ಕೂ ಫೋಲ್ಡರ್ ಮತ್ತು ಲೆಕ್ಕದ ಡೇಟಾ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ನುಡಿ ಫೈಲುಗಳಿದ್ದರೆ ಫಾಂಟ್‌ಗಳನ್ನೂ ಜೊತೆಗೆ ತೆಗೆದಿಡಿ, ಫಾಂಟ್ ಇಲ್ಲದೆ ಆ ಪತ್ರಗಳು ಓದಲು ಬಾರವು. ಹೊಸ ವಿಂಡೋಸ್‌ಗೆ ಲ್ಯಾನ್ ಡ್ರೈವರ್ ಇಲ್ಲದೆ ನೆಟ್ ಬಾರದಿದ್ದರೆ ಮತ್ತೆ ಫೋನ್ ಟೆದರಿಂಗ್ ಕೊಟ್ಟು ವಿಂಡೋಸ್ ಅಪ್‌ಡೇಟ್ ಒತ್ತಿ; ಡ್ರೈವರನ್ನು ಅದೇ ಹುಡುಕಿ ಹಾಕಿಕೊಳ್ಳುತ್ತದೆ.